ಪರಂಬಿಕುಳಂ ಕಾಡಿನಿಂದ ದಿಮ್ಮಿ ಇಳಿಸಿದ ರೈಲು: ದಾವಣಗೆರೆ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗದ ಶಾಲೆ ಮತ್ತು ಲೈಬ್ರರಿಗಳಲ್ಲಿ ಹಳೆಯ ರೈಲುಗಳ ಬಗ್ಗೆ ಮಾತಾಡಲು ಕರೆಯುತ್ತಾರೆ. ಕೊಚ್ಚಿಯ ಕಾಡಿನ ಟ್ರಾಮ್ ವಿಷಯ ತೆಗೆದರೆ ಸಾಕು, ಪ್ರಶ್ನೆಗಳು ಶುರು. ಹೊರಗೆ ಬಂದು ಮಂಡಕ್ಕಿ-ಮೆಣಸಿನಕಾಯಿ ತಿನ್ನುವಾಗಲೂ ಬಿಡುವುದಿಲ್ಲ. ಜಾಸ್ತಿ ಜನ ಕೇಳುವುದನ್ನೆಲ್ಲ ಇಲ್ಲಿ ಒಂದೇ ಕಡೆ ಬರೆದಿದ್ದೇನೆ.

ಯಾವುದು ಈ ರೈಲು? ಎಲ್ಲಿಂದ ಎಲ್ಲಿಗೆ ಓಡುತ್ತಿತ್ತು?

ಇದರ ಹೆಸರು ಕೊಚ್ಚಿನ್ ಸ್ಟೇಟ್ ಫಾರೆಸ್ಟ್ ಟ್ರಾಮ್‌ವೇ. ಆಗ ಕೊಚ್ಚಿ ಒಂದು ಸಂಸ್ಥಾನ, ನಮ್ಮ ಮೈಸೂರಿನ ಹಾಗೆ. ಈಗಿನ ಪಾಲಕ್ಕಾಡ್ ಜಿಲ್ಲೆಯ ಪರಂಬಿಕುಳಂ ಕಾಡಿನಿಂದ ತ್ರಿಶೂರ್ ಜಿಲ್ಲೆಯ ಚಾಲಕುಡಿ ರೈಲು ನಿಲ್ದಾಣದವರೆಗೆ ಇದರ ಹಳಿ ಇತ್ತು. ಉದ್ದ ಸುಮಾರು 80 ಕಿ.ಮೀ. ದಾವಣಗೆರೆಯಿಂದ ಹೊರಟು ಚಿತ್ರದುರ್ಗ ದಾಟಿ ಇನ್ನೂ ಇಪ್ಪತ್ತು ಕಿಲೋಮೀಟರ್ ಹೋದಷ್ಟು ದೂರ. ಆದರೆ ನಮ್ಮದು ಬಯಲು ದಾರಿ, ಅದು ಪಶ್ಚಿಮಘಟ್ಟದ ನೆತ್ತಿಯಿಂದ ಬುಡಕ್ಕೆ ಇಳಿಯುವ ದಾರಿ. 1907ರಿಂದ 1963ರವರೆಗೆ ನಡೆಯಿತು. ಹಾಕಿದ್ದು ಒಂದೇ ಕಾರಣಕ್ಕೆ: ತೇಗ, ಬೀಟೆ ದಿಮ್ಮಿಗಳನ್ನು ಕಾಡಿನಿಂದ ಕೆಳಗಿಳಿಸಲು.

ಟ್ರಾಮ್ ಅಂದ್ರೆ ಕೋಲ್ಕತ್ತದ ಬೀದಿಯಲ್ಲಿ ಓಡುತ್ತಲ್ಲ, ಅದೇ ತರಹದ್ದಾ?

ಅಲ್ಲ. ಆಗೆಲ್ಲ ಸಣ್ಣ, ಹಗುರ ರೈಲಿಗೂ ಟ್ರಾಮ್ ಅಂತಲೇ ಕರೆಯುತ್ತಿದ್ದರು. ಇದು ಉಗಿ ಇಂಜಿನ್ನಿನ ರೈಲು, ಮೀಟರ್ ಗೇಜು, ಅಂದರೆ ಎರಡು ಹಳಿಗಳ ನಡುವಿನ ಅಂತರ ಒಂದು ಮೀಟರ್. ದಾವಣಗೆರೆಯ ಹಿರಿಯರಿಗೆ ಮೀಟರ್ ಗೇಜ್ ಚೆನ್ನಾಗಿ ಗೊತ್ತು. ಬೆಂಗಳೂರು–ಹುಬ್ಬಳ್ಳಿ ಮಾರ್ಗ ಬ್ರಾಡ್ ಗೇಜ್ ಆಗುವ ಮೊದಲು ನಮ್ಮ ಸ್ಟೇಷನ್ನಿಗೆ ಬರುತ್ತಿದ್ದದ್ದೂ ಅದೇ ಗೇಜಿನ ಗಾಡಿಗಳು.

ಕೇರಳದ ರೈಲಿನ ಕಥೆ ದಾವಣಗೆರೆಯವರಿಗೆ ಯಾಕೆ?

ಇಂಥದೇ ಕಥೆ ನಮ್ಮ ಪಕ್ಕದಲ್ಲೇ, ತರೀಕೆರೆ ಮತ್ತು ಭದ್ರಾವತಿಯಲ್ಲಿ ನಡೆದಿದೆ. ಅದರ ಬಗ್ಗೆ ಕೆಳಗೆ ಬೇರೆಯೇ ಪ್ರಶ್ನೆ ಇದೆ. ಕೊಚ್ಚಿಯ ಟ್ರಾಮ್ ಅರ್ಥವಾದರೆ ನಮ್ಮ ಮಲೆನಾಡಿನಿಂದ ಮರ ಹೇಗೆ ಹೊರಟಿತು, ಯಾಕೆ ಹೊರಟಿತು ಅನ್ನುವುದೂ ಅರ್ಥವಾಗುತ್ತದೆ. ಅದಕ್ಕೇ ಹೋದಲ್ಲೆಲ್ಲ ಇದನ್ನು ಹೇಳುತ್ತೇನೆ. ಇಂಜಿನಿಯರಿಂಗ್ ಲೆಕ್ಕದಲ್ಲಿ ದಕ್ಷಿಣ ಭಾರತದಲ್ಲಿ ಇಷ್ಟು ಚೆಂದದ ಕಾಡಿನ ರೈಲು ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅದು ಹೊತ್ತು ತಂದ ಮರವನ್ನು ಬಿಟ್ಟು ಬರೀ ಇಂಜಿನ್ನಿನ ಬಗ್ಗೆ ಮಾತಾಡಬಾರದು ಅನ್ನುವುದೂ ನನ್ನ ಅಭಿಪ್ರಾಯವೇ.

ಇಷ್ಟೆಲ್ಲ ಖರ್ಚು ಯಾಕೆ? ಮರ ಹೊಳೆಗೆ ಬಿಟ್ಟಿದ್ದರೆ ತೇಲಿಕೊಂಡು ಬರುತ್ತಿರಲಿಲ್ವಾ?

ಒಳ್ಳೆಯ ಪ್ರಶ್ನೆ. ರೈಲು ಬರುವ ಮುಂಚೆ ಮರ ಸಾಗಿಸಲು ಹೆಚ್ಚಿನ ಕಡೆ ಇದ್ದ ದಾರಿ ಹೊಳೆಯೇ.

ಆದರೆ ಮೊದಲ ತೊಂದರೆ ಮರದ್ದೇ. ಹಸಿ ತೇಗ ನೀರಿನಲ್ಲಿ ಸರಿಯಾಗಿ ತೇಲುವುದಿಲ್ಲ. ಅದಕ್ಕೆ ಹಳೆಯ ಕಾಲದವರು ಒಂದು ಉಪಾಯ ಮಾಡುತ್ತಿದ್ದರು. ನಿಂತ ಮರದ ಬುಡದ ಸುತ್ತ ತೊಗಟೆಯನ್ನೂ ಅದರ ಕೆಳಗಿನ ಬಿಳಿ ಭಾಗವನ್ನೂ ಕೆಚ್ಚಿನವರೆಗೆ ಕೊಡಲಿಯಿಂದ ಕೆತ್ತಿ ತೆಗೆಯುತ್ತಿದ್ದರು. ಬೇರಿನಿಂದ ನೀರು ಮೇಲೆ ಹತ್ತುವುದು ನಿಲ್ಲುತ್ತಿತ್ತು. ಎರಡು-ಮೂರು ವರ್ಷ ಹಾಗೇ ಬಿಟ್ಟರೆ ಮರ ನಿಂತಲ್ಲೇ ಸತ್ತು, ಒಣಗಿ, ಹಗುರ ಆಗುತ್ತಿತ್ತು. ಆಮೇಲೆ ಕಡಿದು ಆನೆಯಿಂದ ಎಳೆಸಿ ಹೊಳೆಗೆ ಹಾಕಿದರೆ ತೇಲುತ್ತಿತ್ತು. ಬೀಟೆ ವಿಷಯದಲ್ಲಿ ಈ ಉಪಾಯ ಅಷ್ಟಾಗಿ ನಡೆಯುವುದಿಲ್ಲ. ಅದು ತೇಗಕ್ಕಿಂತ ಭಾರ.

ಎರಡನೇ ತೊಂದರೆ ಹೊಳೆಯದ್ದು. ಪರಂಬಿಕುಳಂ ಕಡೆಯ ನೀರು ಹರಿದು ಬರುವುದು ಚಾಲಕುಡಿ ಹೊಳೆಗೆ. ಆ ಹೊಳೆಯಲ್ಲೇ ಅತಿರಪ್ಪಿಳ್ಳಿ ಜಲಪಾತ ಇರುವುದು. ನಮ್ಮೂರಿಂದ ಎಷ್ಟೋ ಜನ ರಜೆಗೆ ಹೋಗಿ ಫೋಟೋ ತೆಗೆದುಕೊಂಡು ಬರುತ್ತಾರಲ್ಲ, ಅದೇ. ಸುಮಾರು 80 ಅಡಿ ಎತ್ತರದಿಂದ ಬೀಳುವ ನೀರು, ಕೆಳಗೆ ಬಂಡೆ. ಅದಕ್ಕೂ ಮೇಲ್ಗಡೆ ಅದೇ ಹೊಳೆಯಲ್ಲಿ ವಾಳಚ್ಚಾಲಿನ ಬಂಡೆಗಳು ಬೇರೆ. ಟನ್ನುಗಟ್ಟಲೆ ತೂಕದ ದಿಮ್ಮಿ ಅಲ್ಲಿಂದ ಬಿದ್ದರೆ ಸೀಳಿಹೋಗುತ್ತದೆ, ಇಲ್ಲವೇ ಬಂಡೆ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಸೀಳಿದ ದಿಮ್ಮಿಯನ್ನು ಹಡಗು ಕಟ್ಟುವವನು ತೆಗೆದುಕೊಳ್ಳುವುದಿಲ್ಲ, ಸೌದೆ ರೇಟಿಗೆ ಹೋಗುತ್ತದೆ. ಹೊಳೆ ದಾರಿ ಮುಚ್ಚಿದ್ದರಿಂದಲೇ ಅಲ್ಲಿನ ಒಳಕಾಡು ಅಷ್ಟು ದಿನ ಉಳಿದಿತ್ತು.

ಗುಡ್ಡದ ಮೇಲಿಂದ ಸುಮ್ನೆ ಜಾರಿಸಿದ್ದರೆ?

ಜಾರಿಸಿದ್ದಾರೆ, ಆದರೆ ಇನ್ನೊಂದು ಕಡೆ. ಪರಂಬಿಕುಳಂ ಪಕ್ಕದ ಆನೆಮಲೆಯಲ್ಲಿ ಟಾಪ್‌ಸ್ಲಿಪ್ ಅಂತ ಜಾಗ ಇದೆ, ತಮಿಳುನಾಡಿನಲ್ಲಿ. ದಿಮ್ಮಿಗಳನ್ನು ಅಲ್ಲಿಂದ ಪೊಳ್ಳಾಚಿ ಕಡೆಯ ಬಯಲಿಗೆ ಜಾರಿಸುತ್ತಿದ್ದರು, ಹೆಸರು ಬಂದದ್ದೂ ಅದರಿಂದಲೇ. ಅದು ಬ್ರಿಟಿಷರ ಮದ್ರಾಸ್ ಪ್ರಾಂತ್ಯದ ಕಡೆ. ಕೊಚ್ಚಿ ರಾಜರ ಮರ ಆ ಕಡೆ ಇಳಿದರೆ ಬೇರೆಯವರ ನೆಲದ ಮೇಲೆ ಸುತ್ತಿ ಬರಬೇಕು. ತಮ್ಮ ಮರ ತಮ್ಮ ನೆಲದಲ್ಲೇ ಇಳಿದು ತಮ್ಮ ಬಂದರಿಗೇ ಹೋಗಬೇಕಾದರೆ ಪಶ್ಚಿಮದ ಕಡೆಗೆ ಒಂದು ದಾರಿ ಬೇಕಿತ್ತು.

ಹಾಕಿಸಿದ್ದು ಯಾರು?

ಕೊಚ್ಚಿ ಸಂಸ್ಥಾನದವರೇ. ಆಗ ರಾಜರಾಗಿದ್ದದ್ದು ರಾಮವರ್ಮ, 1895ರಿಂದ 1914ರವರೆಗೆ. ಕಾಡಿನಿಂದ ಟ್ರಾಮ್ ಹಾಕಿದರೆ ಲಾಭ ಇದೆ ಎಂದು ಒತ್ತಿ ಹೇಳಿದವರು ಅರಣ್ಯ ಇಲಾಖೆ ನೋಡಿಕೊಳ್ಳುತ್ತಿದ್ದ ಕೋಲ್‌ಹಾಫ್ ಎನ್ನುವ ಅಧಿಕಾರಿ. ಇಂಜಿನ್ನುಗಳು ಬಂದದ್ದು ಜರ್ಮನಿಯ ಓರೆನ್‌ಸ್ಟೈನ್ ಮತ್ತು ಕೊಪ್ಪೆಲ್ ಕಂಪನಿಯಿಂದ. ತೋಟ, ಗಣಿ, ಕಾಡಿನ ಸಣ್ಣ ರೈಲುಗಳಿಗೆ ಇಂಜಿನ್ ಮಾಡುವುದರಲ್ಲಿ ಆ ಕಂಪನಿಗೆ ಜಗತ್ತಿನಲ್ಲೇ ಹೆಸರಿತ್ತು.

ಇದೇ ರಾಜರ ಕಾಲದಲ್ಲಿ, 1902ರಲ್ಲಿ, ಶೊರನೂರಿನಿಂದ ಎರ್ನಾಕುಳಂಗೆ ರೈಲು ಬಂತು. ಅದಕ್ಕೆ ದುಡ್ಡು ಸಾಲದೆ ತೃಪ್ಪೂಣಿತ್ತುರ ದೇವಸ್ಥಾನದ ಆನೆಗಳ ಚಿನ್ನದ ಹಣೆಪಟ್ಟಿಗಳನ್ನು ರಾಜರು ಮಾರಿದರು ಎಂದು ಕೇರಳದಲ್ಲಿ ಇವತ್ತಿಗೂ ಹೇಳುತ್ತಾರೆ. ಆ ರೈಲು ಚಾಲಕುಡಿ ಮೇಲೆ ಹಾದುಹೋಗುತ್ತದೆ. ಟ್ರಾಮ್ ಚಾಲಕುಡಿಗೇ ಬಂದು ಸೇರಿದ್ದರ ಗುಟ್ಟು ಇಷ್ಟೇ: ಕಾಡಿನ ದಿಮ್ಮಿ ಅಲ್ಲಿ ದೊಡ್ಡ ರೈಲು ಹತ್ತಿ ಎರ್ನಾಕುಳಂ ಮೇಲೆ ಕೊಚ್ಚಿ ಬಂದರು ಸೇರಬಹುದಿತ್ತು.

ಇಂಜಿನ್ ಇಲ್ಲದೆ ಗುಡ್ಡ ಇಳಿಯುತ್ತಿತ್ತಂತೆ, ನಿಜಾನಾ?

ನಿಜ. ನನಗೆ ಬಹಳ ಇಷ್ಟದ ಭಾಗ ಇದು, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ರೈಲಿನ ಚಕ್ರವೂ ಉಕ್ಕು, ಹಳಿಯೂ ಉಕ್ಕು. ಹಿಡಿತ ಕಡಿಮೆ. ಅದಕ್ಕೆ ಸಾಮಾನ್ಯ ರೈಲು ಹೆಚ್ಚು ಕಡಿದಾದ ಏರು ಹತ್ತುವುದಿಲ್ಲ. ನಲವತ್ತು ಅಡಿ ಮುಂದೆ ಹೋಗಿ ಒಂದು ಅಡಿ ಏರಿದರೆ ಅದೇ ದೊಡ್ಡ ಏರು. ಊಟಿ ರೈಲು ಹನ್ನೆರಡು ಅಡಿಗೆ ಒಂದರಷ್ಟು ಏರುತ್ತದೆ, ಆದರೆ ಅಲ್ಲಿ ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆ. ಘಟ್ಟದಲ್ಲಿ ಇರುವ ಇಳಿಜಾರಿಗೆ ಸಾಮಾನ್ಯ ಹಳಿ ಹಾಕಬೇಕೆಂದರೆ ಸುತ್ತಿ ಸುತ್ತಿ ಮೈಲಿಗಟ್ಟಲೆ ಹೋಗಬೇಕು, ಸುರಂಗ ಕೊರೆಯಬೇಕು. ಬರೀ ಮರಕ್ಕೆ ಅಷ್ಟು ಖರ್ಚು ಯಾರು ಮಾಡುತ್ತಾರೆ?

ಅದಕ್ಕೆ ಅವರು ದಾರಿಯನ್ನು ತುಂಡು ತುಂಡು ಮಾಡಿದರು. ಸಮತಟ್ಟಾದ ಕಡೆ ಇಂಜಿನ್ ಎಳೆಯುತ್ತದೆ. ಕಡಿದಾದ ಕಡೆ ಹಗ್ಗದ ಇಳಿಜಾರು. ಇಳಿಜಾರಿನ ನೆತ್ತಿಯಲ್ಲಿ ಒಂದು ದೊಡ್ಡ ಡ್ರಮ್ಮು. ಅದರ ಮೇಲೆ ಉಕ್ಕಿನ ತಂತಿಹಗ್ಗ. ಹಗ್ಗದ ಒಂದು ತುದಿ ಮೇಲಿರುವ ದಿಮ್ಮಿ ತುಂಬಿದ ವ್ಯಾಗನ್ನಿಗೆ, ಇನ್ನೊಂದು ತುದಿ ಕೆಳಗಿರುವ ಖಾಲಿ ವ್ಯಾಗನ್ನಿಗೆ. ತುಂಬಿದ್ದನ್ನು ಅಂಚಿನಿಂದ ಆಚೆ ತಳ್ಳಿದರೆ ಅದು ತನ್ನ ತೂಕಕ್ಕೆ ತಾನೇ ಇಳಿಯುತ್ತಾ ಖಾಲಿ ವ್ಯಾಗನ್ನನ್ನು ಮೇಲಕ್ಕೆ ಎಳೆಯುತ್ತದೆ. ಕಲ್ಲಿದ್ದಲು ಬೇಡ, ಕಟ್ಟಿಗೆ ಬೇಡ. ಮರದ ಭಾರವೇ ಇಂಧನ. ಇಂಥ ಇಳಿಜಾರುಗಳಲ್ಲಿ ಎರಡೂ ವ್ಯಾಗನ್ ಒಂದನ್ನೊಂದು ದಾಟಿ ಹೋಗಲು ನಡುದಾರಿಯಲ್ಲಿ ಹಳಿ ಕವಲೊಡೆಯುತ್ತದೆ. ಹಗ್ಗ ನೆಲಕ್ಕೆ ಉಜ್ಜಿ ಸವೆಯದಿರಲಿ ಅಂತ ಹಳಿಗಳ ನಡುವೆ ಸಣ್ಣ ಉರುಳೆಗಳನ್ನು ಕೂರಿಸಿರುತ್ತಾರೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಹೊರಡುವ ಹೊತ್ತಿಗೆ ಹಗ್ಗ ಪೂರ್ತಿ ಕೆಳಗಿನ ಖಾಲಿ ವ್ಯಾಗನ್ ಕಡೆ ಇರುತ್ತದೆ. ಅಂದರೆ ತುಂಬಿದ ವ್ಯಾಗನ್ ಖಾಲಿ ವ್ಯಾಗನ್ನಿನ ಜೊತೆ ಅಷ್ಟೂ ಹಗ್ಗದ ತೂಕವನ್ನೂ ಎಳೆಯಬೇಕು. ಅದಕ್ಕೆ ಶುರುವಿನಲ್ಲಿ ನಿಧಾನ. ಇಳಿಯುತ್ತಾ ಹೋದ ಹಾಗೆ ಹಗ್ಗ ಈ ಕಡೆಗೆ ಬರುತ್ತದೆ, ಅದರ ತೂಕವೂ ಇಳಿಯುವ ವ್ಯಾಗನ್ನಿನ ಜೊತೆ ಸೇರಿಕೊಳ್ಳುತ್ತದೆ. ನೆತ್ತಿಯಲ್ಲಿ ಡ್ರಮ್ಮಿನ ಬ್ರೇಕ್ ಹಿಡಿದವನು ಮೊದಲು ಸಡಿಲ ಬಿಟ್ಟು, ಅರ್ಧ ದಾಟಿದ ಮೇಲೆ ಬಿಗಿ ಮಾಡುತ್ತಾ ಬರಬೇಕು. ಎಲ್ಲ ಅವನ ಕೈಯಲ್ಲಿ. ಮಳೆಗಾಲದ ಘಟ್ಟದಲ್ಲಿ ಮಂಜು ಕವಿದು ಕೆಳಗಿನ ವ್ಯಾಗನ್ ಕಾಣಿಸದಿದ್ದಾಗ ಆ ಕೆಲಸ ಎಷ್ಟು ಕಷ್ಟ ಅಂತ ಯೋಚಿಸಿ.

ಶಾಲೆಯಲ್ಲಿ ಇದನ್ನು ಮಾಡಿ ತೋರಿಸಬಹುದು. ಓರೆ ಇಟ್ಟ ಹಲಗೆ, ಎರಡು ಆಟದ ಗಾಡಿ, ಒಂದು ದಾರ, ಹಲಗೆಯ ಮೇಲ್ತುದಿಯಲ್ಲಿ ತಿರುಗುವ ಖಾಲಿ ರೀಲು. ಒಂದು ಗಾಡಿಗೆ ಕಲ್ಲು ತುಂಬಿ ಬಿಡಿ. ಬ್ರೇಕಿಗೆ ರೀಲಿನ ಮೇಲೆ ಬೆರಳಿಟ್ಟರೆ ಸಾಕು. ದಾರದ ಬದಲು ಸಣ್ಣ ಸರಪಳಿ ಹಾಕಿದರೆ ಮೇಲೆ ಹೇಳಿದ ಸೂಕ್ಷ್ಮವೂ ಮಕ್ಕಳ ಕಣ್ಣಿಗೆ ಕಾಣುತ್ತದೆ.

ಮೇಲಕ್ಕೆ ಸಾಮಾನು ಹೋಗುತ್ತಿತ್ತಾ?

ಹೋಗಲು ಅಡ್ಡಿ ಇಲ್ಲ. ಇಳಿಯುವ ಭಾರಕ್ಕಿಂತ ಏರುವ ಭಾರ ಕಡಿಮೆ ಇದ್ದರೆ ಆಯಿತು. ಖಾಲಿ ವ್ಯಾಗನ್ನಿನಲ್ಲಿ ಅಕ್ಕಿ, ಉಪ್ಪು, ಹಳಿ, ಜನ ಯಾವುದನ್ನಾದರೂ ಹತ್ತಿಸಬಹುದು.

ಜನರೂ ಓಡಾಡಿದ್ದಾರಾ?

ಓಡಾಡಿದ್ದಾರೆ. ಅವರಲ್ಲಿ ದೊಡ್ಡ ಹೆಸರು ಪಕ್ಷಿತಜ್ಞ ಸಲೀಂ ಅಲಿ ಅವರದು. ತಿರುವಾಂಕೂರು-ಕೊಚ್ಚಿಯ ಹಕ್ಕಿಗಳ ಸಮೀಕ್ಷೆಗೆ 1933ರಲ್ಲಿ ಬಂದವರು ಟ್ರಾಮ್ ದಾರಿಯ ಕುರಿಯಾರ್‌ಕುಟ್ಟಿಯಲ್ಲಿ ಉಳಿದುಕೊಂಡಿದ್ದರು. ಮರ ಕಡಿಯಲು ಹಾಕಿದ ಹಳಿಯ ಮೇಲೆ ಕಾಡಿನ ಹಕ್ಕಿ ಎಣಿಸುವವರೂ ಹೋದರು ಅನ್ನುವುದು ನನ್ನನ್ನು ಬಹಳ ಕಾಡಿದ ಸಂಗತಿ.

ಮರ ಕೊನೆಗೆ ಎಲ್ಲಿಗೆ ಹೋಯಿತು?

ಚಾಲಕುಡಿಯಿಂದ ಕೊಚ್ಚಿ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಹೊರದೇಶಗಳಿಗೆ. ತೇಗಕ್ಕೆ ಅಷ್ಟು ಬೆಲೆ ಯಾಕೆ ಅಂದರೆ ಅದರಲ್ಲಿ ಎಣ್ಣೆ ಅಂಶ ಇದೆ. ಗೆದ್ದಲು ಹತ್ತಿರ ಬರುವುದಿಲ್ಲ, ನೀರಿಗೆ ಬಾಗುವುದಿಲ್ಲ. ಓಕ್ ಮರದಲ್ಲಿ ಕಬ್ಬಿಣದ ಮೊಳೆ ಬೇಗ ತುಕ್ಕು ಹಿಡಿಯುತ್ತದೆ, ತೇಗದಲ್ಲಿ ಹಾಗಾಗುವುದಿಲ್ಲ. ಹಡಗು ಕಟ್ಟುವವರಿಗೆ ಇದಕ್ಕಿಂತ ಇನ್ನೇನು ಬೇಕು? ಬೀಟೆ ಹೋಗುತ್ತಿದ್ದದ್ದು ಮುಖ್ಯವಾಗಿ ಪೀಠೋಪಕರಣಕ್ಕೆ.

ಕಾಡಿನಲ್ಲಿ ಕೆಲಸ ಮಾಡಿದವರು ಯಾರು?

ಕಡಿಯುವವರು, ಆನೆ ಮಾವುತರು, ಹಳಿ ನೋಡಿಕೊಳ್ಳುವವರು, ಬ್ರೇಕ್ ಹಿಡಿಯುವವರು, ಇಂಜಿನ್ನಿನ ಬೆಂಕಿ ನೋಡಿಕೊಳ್ಳುವ ಫೈರ್‌ಮನ್‌ಗಳು. ಪರಂಬಿಕುಳಂನಲ್ಲಿ ಕಾಡರ್, ಮಲಸರ್, ಮಲಮಲಸರ್, ಮುದುವರ್ ಎನ್ನುವ ನಾಲ್ಕು ಬುಡಕಟ್ಟುಗಳ ಜನ ಇವತ್ತಿಗೂ ಇದ್ದಾರೆ. ಟ್ರಾಮ್ ಹೋದದ್ದು ಅವರ ಮನೆಯಂಗಳದಲ್ಲಿ. ಆ ಕಾಲದ ಘಟ್ಟದ ಕಾಡು ಅಂದರೆ ಮಲೇರಿಯಾ ಕಾಡು. ನಮ್ಮ ಮಲೆನಾಡಿನ ಚಳಿಜ್ವರದ ಬಗ್ಗೆ ಅಜ್ಜ-ಅಜ್ಜಿಯರು ಹೇಳಿದ್ದು ಕೇಳಿರುತ್ತೀರಿ, ಅಲ್ವಾ? ಇಂಜಿನ್ ಕಂಪನಿಯ ಹೆಸರು ಎಲ್ಲ ಬರಹದಲ್ಲೂ ಸಿಗುತ್ತದೆ. ಹಗ್ಗದ ಬ್ರೇಕ್ ಹಿಡಿದವರ ಹೆಸರು ಒಂದರಲ್ಲೂ ಕಾಣುವುದಿಲ್ಲ. ಇದು ನನಗೆ ನಿಜವಾಗಿಯೂ ಬೇಜಾರಿನ ವಿಷಯ.

ಹಾಗಾದರೆ ಯಾಕೆ ನಿಂತುಹೋಯಿತು?

ನಷ್ಟಕ್ಕೆ ಬಿತ್ತು. ಹಳಿ, ಹಗ್ಗ, ಇಂಜಿನ್ ಎಲ್ಲ ಹಳೆಯದಾಯಿತು, ರಿಪೇರಿ ಖರ್ಚು ಏರಿತು. ಹತ್ತಿರದ ಒಳ್ಳೆಯ ಮರ ಖಾಲಿ ಆದ ಹಾಗೆ ಇನ್ನೂ ಒಳಗೆ ಹೋಗಬೇಕಾಯಿತು. ಅಷ್ಟರಲ್ಲಿ ಲಾರಿ ಬಂತು, ಕಾಡಿಗೆ ರಸ್ತೆ ಬಂತು. ಸ್ವಾತಂತ್ರ್ಯ ಬಂದ ಮೇಲೆ ಕೊಚ್ಚಿ ಸಂಸ್ಥಾನವೂ ಹೋಯಿತು. 1956ರಲ್ಲಿ ಕೇರಳ ರಾಜ್ಯ ಆಯಿತು, 1963ರಲ್ಲಿ ಟ್ರಾಮ್ ಮುಚ್ಚಿದರು. ಅದೇ ಹೊತ್ತಿನಲ್ಲಿ ಪರಂಬಿಕುಳಂ–ಆಳಿಯಾರ್ ಯೋಜನೆಯ ಅಣೆಕಟ್ಟುಗಳು ಎದ್ದವು. ಕಣಿವೆಯ ಒಂದಷ್ಟು ಭಾಗ ನೀರಿನಡಿ ಹೋಯಿತು.

ಕಾಡು ಪೂರ್ತಿ ಹಾಳಾಯಿತಾ?

ಹಳೆಯ ಕಾಡಿನ ದೊಡ್ಡ ಮರಗಳು ಹೋದವು. ಕಡಿದ ಕಡೆ ತೇಗದ ಪ್ಲಾಂಟೇಶನ್ ಎದ್ದಿತು. ಈಗ ಪರಂಬಿಕುಳಂ ಹುಲಿ ಸಂರಕ್ಷಿತ ಪ್ರದೇಶ. ಒಳಗೆ ಹೋದರೆ ಕಾಣುವ ಸಾಲು ಸಾಲು ತೇಗ ನೋಡಿ ಜನ ಎಂಥ ಕಾಡು ಅನ್ನುತ್ತಾರೆ. ಅದು ನೆಟ್ಟ ತೋಪು. ಮೊದಲಿನ ಮರ ಹೇಗಿತ್ತು ಅಂತ ನೋಡಬೇಕಾದರೆ ಅಲ್ಲೇ ಕನ್ನಿಮರ ಎನ್ನುವ ತೇಗ ಇದೆ. ಬುಡದ ಸುತ್ತಳತೆ ಸುಮಾರು ಏಳು ಮೀಟರ್. ಐದಾರು ಜನ ಕೈ ಕೈ ಹಿಡಿದು ನಿಂತರೆ ಒಂದು ಸುತ್ತು. ವಯಸ್ಸು 400 ವರ್ಷದ ಮೇಲೆ ಎನ್ನುತ್ತಾರೆ. ಸರ್ಕಾರದಿಂದ ಮಹಾವೃಕ್ಷ ಪುರಸ್ಕಾರವೂ ಬಂದಿದೆ. ಅಂಥ ಮರ ನಾಲ್ಕು ನೂರು ವರ್ಷದಲ್ಲಿ ಬೆಳೆದದ್ದು. ಹಗ್ಗದ ಮೇಲೆ ಇಳಿಯಲು ಅದಕ್ಕೆ ಬೇಕಾದದ್ದು ಕೆಲವೇ ನಿಮಿಷ.

ನಮ್ಮ ಕಡೆ ಇಂಥ ರೈಲು ಇತ್ತಾ?

ಇತ್ತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡು ಅಡಿ ಗೇಜಿನ ಟ್ರಾಮ್ ಇತ್ತು. ಮೈಸೂರು ಸಂಸ್ಥಾನ 1910ರ ದಶಕದಲ್ಲಿ ಹಾಕಿಸಿದ್ದು. ನರಸಿಂಹರಾಜಪುರದ ಹಳೆಯ ಹೆಸರು ಎಡೇಹಳ್ಳಿ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಆಮೇಲೆ ಬಂತು. ಬೀರೂರು–ಶಿವಮೊಗ್ಗ ರೈಲು ಮೊದಲೇ ತರೀಕೆರೆಗೆ ಬಂದಿತ್ತು. ಕಾಡಿನ ಹಳಿ ಬಂದು ಮುಖ್ಯ ರೈಲು ಮಾರ್ಗಕ್ಕೆ ಸೇರುವುದು, ಚಾಲಕುಡಿಯಲ್ಲಿ ಆದ ಹಾಗೇ.

ಅದರ ಪಕ್ಕದಲ್ಲೇ ಭದ್ರಾವತಿ. ಅಲ್ಲಿನ ಕಬ್ಬಿಣದ ಕಾರ್ಖಾನೆಯನ್ನು ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1918ರಲ್ಲಿ ಶುರು ಮಾಡಿದರು. 1923ರಲ್ಲಿ ಕಬ್ಬಿಣ ಬರಲು ಆರಂಭವಾಯಿತು. ನಮ್ಮಲ್ಲಿ ಕಲ್ಲಿದ್ದಲು ಇಲ್ಲ. ಅದಕ್ಕೆ ಕುಲುಮೆಗೆ ಇದ್ದಿಲು. ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡುತ್ತಿದ್ದರು, ಹೊರಬರುವ ಹೊಗೆಯಿಂದ ಮೆಥನಾಲ್ (ಕುಡಿಯಲು ಬಾರದ ಮರದ ಮದ್ಯಸಾರ), ಟಾರು ತೆಗೆಯುತ್ತಿದ್ದರು. ಸಾಮಾನ್ಯ ಲೆಕ್ಕ ಹೇಳುತ್ತೇನೆ: ಒಂದು ಟನ್ ಇದ್ದಿಲಿಗೆ ನಾಲ್ಕರಿಂದ ಆರು ಟನ್ ಕಟ್ಟಿಗೆ ಬೇಕು. ಕುಲುಮೆ ಹಗಲು-ರಾತ್ರಿ ಉರಿಯುತ್ತಿರಬೇಕು. ಅಷ್ಟು ಕಟ್ಟಿಗೆ ಎತ್ತಿನ ಗಾಡಿಯಲ್ಲಿ ಬರುವ ಮಾತಲ್ಲ. ಸುತ್ತಲಿನ ಕಾಡಿಗೆ ಎರಡು ಅಡಿ ಗೇಜಿನ ಟ್ರಾಮ್ ಹಳಿ ಹಾಕಿದ್ದು ಅದಕ್ಕೆ. ಕೆಮ್ಮಣ್ಣುಗುಂಡಿಯ ಅದಿರು ಇಳಿದದ್ದು ರೋಪ್‌ವೇ ಮತ್ತು ಟ್ರಾಮ್ ಎರಡರಲ್ಲೂ. 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದ ಮೇಲೆ ಕಾಡಿನ ಮೇಲಿನ ಭಾರ ಇಳಿಯಿತು.

ಆಮೇಲೆ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದಿತು, 1965ರಲ್ಲಿ ಮುಗಿಯಿತು. ಅದರ ಹಿನ್ನೀರು ನರಸಿಂಹರಾಜಪುರದ ಹತ್ತಿರದವರೆಗೂ ಹಬ್ಬಿದೆ. ದಾವಣಗೆರೆ ಸುತ್ತಲಿನ ಭತ್ತದ ಗದ್ದೆಗೆ ಬರುವುದು ಇದೇ ಭದ್ರಾ ನಾಲೆಯ ನೀರು. ಒಂದು ಕಾಲಕ್ಕೆ ಹಳಿ ಮೇಲೆ ಮರ ಕಳಿಸಿದ ಸೀಮೆಯೇ ಈಗ ನಾಲೆಯಲ್ಲಿ ನಮಗೆ ನೀರು ಕಳಿಸುತ್ತಿದೆ.

ಧಾರವಾಡ ಜಿಲ್ಲೆಯ ಅಳ್ನಾವರದಿಂದ ಉತ್ತರ ಕನ್ನಡದ ದಾಂಡೇಲಿಗೆ ಹೋಗುವ ಮಾರ್ಗವೂ ಮರಕ್ಕಾಗಿಯೇ ಹುಟ್ಟಿದ್ದು. ಅದು ಸಣ್ಣ ಟ್ರಾಮ್ ಅಲ್ಲ, ಪೂರ್ತಿ ರೈಲು ಮಾರ್ಗ.

ಮುನ್ನಾರಿನಲ್ಲಿ ಪ್ರವಾಹಕ್ಕೆ ಕೊಚ್ಚಿಹೋದ ರೈಲು ಇದೇನಾ?

ಅದು ಬೇರೆ. ಕುಂಡಳ ಕಣಿವೆ ರೈಲು, ಚಹಾ ಸಾಗಿಸಲು ಇದ್ದದ್ದು. 1924ರ ಮಹಾಪ್ರವಾಹದಲ್ಲಿ ಹಾಳಾಯಿತು.

ನೋಡಲು ಹೋಗಬಹುದಾ?

ಹೋಗಬಹುದು, ಆದರೆ ಓಡುವ ರೈಲು ಸಿಗುತ್ತದೆ ಅಂತ ಹೋಗಬೇಡಿ. ಪರಂಬಿಕುಳಂ ಕೇರಳದಲ್ಲಿದ್ದರೂ ಡಾಂಬರು ರಸ್ತೆ ಇರುವುದು ತಮಿಳುನಾಡಿನ ಕಡೆಯಿಂದ: ಪೊಳ್ಳಾಚಿ, ಸೇತುಮಡೈ, ಟಾಪ್‌ಸ್ಲಿಪ್ ಮೇಲೆ. ದಾವಣಗೆರೆಯಿಂದ ಬೆಂಗಳೂರು, ಕೊಯಮತ್ತೂರು ದಾಟಿ ಪೊಳ್ಳಾಚಿ ಸೇರಿಕೊಳ್ಳಿ. ಕಾಡಿನೊಳಗೆ ಅಲ್ಲಲ್ಲಿ ಟ್ರಾಮಿನ ಕುರುಹು ಉಳಿದಿದೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ, ಗೈಡ್ ಇಲ್ಲದೆ ನಡೆಯಬೇಡಿ. ಹುಲಿ, ಆನೆ, ಕಾಟಿ ಎಲ್ಲ ಇರುವ ಕಾಡು ಅದು. ಗೈಡ್‌ಗಳಲ್ಲಿ ಅಲ್ಲಿನ ಬುಡಕಟ್ಟಿನವರೇ ಇರುತ್ತಾರೆ. ಟ್ರಾಮಿನ ಬಗ್ಗೆ ಅವರನ್ನು ಕೇಳಿ, ಮನೆಯ ಹಿರಿಯರಿಂದ ಕೇಳಿದ್ದು ಹೇಳುತ್ತಾರೆ. ತುಕ್ಕು ಹಿಡಿದ ಮೊಳೆಯೊಂದು ಕಂಡರೂ ಚೀಲಕ್ಕೆ ಹಾಕಿಕೊಳ್ಳಬೇಡಿ.

ನಮ್ಮ ನೆಂಟರು ತರೀಕೆರೆ, ಭದ್ರಾವತಿ ಕಡೆ ಇದ್ದಾರೆ. ಅವರನ್ನು ಏನು ಕೇಳಬೇಕು?

ಇದನ್ನು ಕೇಳುವವರು ಕಡಿಮೆ, ಕೇಳಿದರೆ ನನಗೆ ತುಂಬಾ ಖುಷಿ. ಟ್ರಾಮ್ ಬಗ್ಗೆ ಏನು ಗೊತ್ತು ಅಂತ ಕೇಳಿದರೆ ಹಿರಿಯರು ಏನೂ ಇಲ್ಲಪ್ಪ ಅಂದುಬಿಡುತ್ತಾರೆ. ಸಣ್ಣ ಪ್ರಶ್ನೆ ಕೇಳಿ. ಹಳಿ ಯಾರ ತೋಟದ ಪಕ್ಕ ಹಾದು ಹೋಗುತ್ತಿತ್ತು? ಗಾಡಿ ಎಲ್ಲಿ ನೀರು ಕುಡಿಯುತ್ತಿತ್ತು? ಕಟ್ಟಿಗೆ ಎಲ್ಲಿ ರಾಶಿ ಹಾಕುತ್ತಿದ್ದರು? ಕೂಲಿ ಬಟವಾಡೆ ಯಾವ ವಾರ? ಹಳಿ ಕಿತ್ತ ಮೇಲೆ ಆ ಕಬ್ಬಿಣ ಯಾರ ಮನೆಯ ತೊಲೆ ಆಯಿತು? ಈ ಕೊನೆಯ ಪ್ರಶ್ನೆಗೆ ಎದ್ದು ಹೋಗಿ ತೊಲೆಯನ್ನೇ ತೋರಿಸುವವರೂ ಇರಬಹುದು. ಫೋಟೋ ಸಿಕ್ಕರೆ ಮೊಬೈಲಿನಲ್ಲಿ ಹಿಂದೆ-ಮುಂದೆ ಎರಡೂ ಕಡೆ ತೆಗೆದುಕೊಳ್ಳಿ, ಹಿಂಬದಿಯಲ್ಲಿ ಊರು, ಇಸವಿ ಬರೆದಿರುತ್ತಾರೆ. ಚಿತ್ರದಲ್ಲಿ ಇರುವವರ ಹೆಸರನ್ನು ಅಲ್ಲೇ ಕೂತು ಎಡದಿಂದ ಬಲಕ್ಕೆ ಬರೆದುಕೊಳ್ಳಿ. ಇಂಜಿನ್ ಪಕ್ಕ ನಿಂತ ಸಾಹೇಬರ ಹೆಸರು ಹೇಗೂ ಸಿಗುತ್ತದೆ. ಬ್ರೇಕ್ ಹಿಡಿದವರ, ಕಟ್ಟಿಗೆ ತುಂಬಿದವರ ಹೆಸರು ಮೊದಲು ಕೇಳಿ.